ಓದುಗರ ಪ್ರಶ್ನೆ: ವಿಳಾಸವಿಲ್ಲದ ಗಾಮಾ ಕಿರಣಗಳು

ಪ್ರಶ್ನೆ: ಎಲ್ಲ ದಿಕ್ಕಿನಿಂದಲೂ ಬರುವ ಹಿನ್ನೆಲೆ ಗಾಮಾ ಕಿರಣಗಳ ಮೂಲವನ್ನು ಗ್ಯಾಲಕ್ಸಿಗಳ ಹಂಚಿಕೆ ನೋಡಿ ಪತ್ತೆಹಚ್ಚುತ್ತಾರಂತೆ. ಮೂಲಗಳೇ ಬಿಡಿಬಿಡಿಯಾಗಿ ಕಾಣದಿರುವಾಗ ಅದು ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಕೋಲಾರ

ಉತ್ತರ: ಬಿಡಿಯಾಗಿ ಕಾಣುವುದಿಲ್ಲ, ನಿಜ. 2008ರಲ್ಲಿ ಹಾರಿದ ನಾಸಾದ ಗಾಮಾ ಕಿರಣ ಉಪಗ್ರಹ ಫರ್ಮಿ ದೂರದರ್ಶಕ ಮೂರು ಗಂಟೆಗೊಮ್ಮೆ ಇಡೀ ಆಕಾಶವನ್ನು ಸುತ್ತಿ ನೋಡುತ್ತದೆ. ಆದರೆ 1 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಫೋಟಾನ್ (ಬೆಳಕಿನ ಕಣ) ಬಂದ ದಿಕ್ಕನ್ನು ಅದು ಸುಮಾರು ಒಂದು ಡಿಗ್ರಿಯಷ್ಟು ಅಂದಾಜಿನಲ್ಲಷ್ಟೇ ಹೇಳಬಲ್ಲದು. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ. ಹಾಗಾಗಿ ಲೆಕ್ಕವೆಲ್ಲ ಒಟ್ಟಾರೆಯದು. ಗ್ಯಾಲಕ್ಸಿಗಳು ಗುಂಪುಗುಂಪಾಗಿ ಇವೆ, ನಡುವೆ ಬಯಲು. ಗಾಮಾ ಕಿರಣ ಸರಾಸರಿಗಿಂತ ತುಸು ಹೆಚ್ಚಿರುವ ಕಡೆ ಗ್ಯಾಲಕ್ಸಿಗಳೂ ಹೆಚ್ಚಿವೆಯೇ ಎಂದು ಇಡೀ ಆಕಾಶಕ್ಕೆ ತಾಳೆ ನೋಡುತ್ತಾರೆ. ಯಾವ ಫೋಟಾನ್ ಯಾವ ಗ್ಯಾಲಕ್ಸಿಯದು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಮೂಲದ ಸುಳಿವು ಸಿಗುವುದು ದೂರ, ಶಕ್ತಿ ಎರಡನ್ನೂ ಹೋಳು ಮಾಡಿದಾಗ. 2ಮಾಸ್ ಎಂಬ ಆಕಾಶ ಸಮೀಕ್ಷೆಯ ಪಟ್ಟಿಯ ಗ್ಯಾಲಕ್ಸಿಗಳು ನಮಗೆ ಹತ್ತಿರದವು. ಎಸ್‌ಡಿಎಸ್‌ಎಸ್ ಎಂಬ ಇನ್ನೊಂದು ಸಮೀಕ್ಷೆಯ ಪಟ್ಟಿಯ ಕ್ವೇಸಾರ್‌ಗಳು (ತೀವ್ರವಾಗಿ ಬೆಳಗುವ ಗ್ಯಾಲಕ್ಸಿ ಕೇಂದ್ರಗಳು) ಬಹಳ ದೂರದವು. ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಕಣಗಳು ಒಂದನ್ನೊಂದು ಅಳಿಸಿಕೊಂಡು ಗಾಮಾ ಹೊಮ್ಮಿಸುತ್ತಿದ್ದರೆ ಅದು ಹತ್ತಿರದ ಹೋಳಿನಲ್ಲಿ ಎದ್ದು ಕಾಣಬೇಕು. ನಮ್ಮತ್ತಲೇ ಕಣಗಳ ಧಾರೆ ಚಿಮ್ಮಿಸುವ ಗ್ಯಾಲಕ್ಸಿ ಕೇಂದ್ರಗಳಾದ ಬ್ಲೇಜಾರ್‌ಗಳ ಪಾಲು ಶಕ್ತಿ ಏರಿದಂತೆ ಏರುತ್ತದೆ. ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿಗಳದು ಕಡಿಮೆ ಶಕ್ತಿಯ ಕಡೆ ಹೆಚ್ಚು. 2015ರ ಹೊತ್ತಿಗೆ ಈ ಪಟ್ಟಿಗಳೊಂದಿಗೆ ಹೊಂದಾಣಿಕೆ ಸಿಕ್ಕಿತು. ಅದನ್ನು ವಿವರಿಸಲು ಡಾರ್ಕ್ ಮ್ಯಾಟರ್ ಬೇಕೇಬೇಕು ಎಂದೇನಿಲ್ಲ.

ಪ್ರಶ್ನೆ: ಫರ್ಮಿಯ ಉಚಿತ ದತ್ತಾಂಶ ಇಳಿಸಿಕೊಂಡು ನಾವೇ ಲೆಕ್ಕ ಹಾಕಿದೆವು. ಗ್ಯಾಲಕ್ಸಿ ಹೆಚ್ಚಿರುವಲ್ಲಿ ಗಾಮಾ ಕಡಿಮೆ ಬರುತ್ತಿದೆ! ಎಲ್ಲಿ ಎಡವಿದೆವು?
– ಭೌತಶಾಸ್ತ್ರ ಅಧ್ಯಾಪಕರು, ತುಮಕೂರು

ಉತ್ತರ: ಬಹುಪಾಲು ಮಾಸ್ಕ್ (ಲೆಕ್ಕಕ್ಕೆ ಬಾರದಂತೆ ನಕ್ಷೆಯಲ್ಲಿ ಮುಚ್ಚುವ ಭಾಗ) ಸಾಲದೆ ಹೋಗಿದೆ. ಕ್ಷೀರಪಥದ ಧೂಳು ಹಿಂದಿರುವ ಗ್ಯಾಲಕ್ಸಿಗಳನ್ನು ಮರೆಮಾಡುತ್ತದೆ. ಆ ಧೂಳಿನ ಜೊತೆಗಿರುವ ಅನಿಲಕ್ಕೆ ಕಾಸ್ಮಿಕ್ ಕಿರಣ ಬಡಿದು ಗಾಮಾ ಹುಟ್ಟುತ್ತದೆ. ಉಲ್ಟಾ ಸಂಬಂಧ ಬರದೆ ಇನ್ನೇನು? ಗ್ಯಾಲಕ್ಟಿಕ್ ಅಕ್ಷಾಂಶ (ಕ್ಷೀರಪಥದ ತಟ್ಟೆಯಿಂದ ಎರಡೂ ಕಡೆಗೆ ಎಣಿಸುವ ಕೋನ) 30 ಡಿಗ್ರಿಗಿಂತ ಕಡಿಮೆ ಇರುವ ಭಾಗವನ್ನು ಎರಡೂ ನಕ್ಷೆಗಳಿಂದ ಕತ್ತರಿಸಿ. ಅರ್ಧ ಆಕಾಶ ಹೋಗುತ್ತದೆ, ಹೋಗಲಿ. ಫರ್ಮಿಯ ಪಟ್ಟಿಯಲ್ಲಿ ಈಗಾಗಲೇ ಇರುವ ಬಿಡಿ ಗಾಮಾ ಮೂಲಗಳನ್ನೂ ಒಂದೊಂದು ಡಿಗ್ರಿ ವೃತ್ತದಲ್ಲಿ ಮುಚ್ಚಿ, ಉಳಿದದ್ದರಿಂದ ಕ್ಷೀರಪಥದ ಗಾಮಾಗೆ ಫರ್ಮಿ ತಂಡ ಕೊಡುವ ಮಾದರಿಯನ್ನು ಕಳೆಯಿರಿ.

ಅದಕ್ಕೂ ಮೊದಲು ನೋಡಬೇಕಾದ್ದು: ಫೋಟಾನ್ ಆಯ್ಕೆ ಅಲ್ಟ್ರಾಕ್ಲೀನ್‌ವೀಟೋ ವರ್ಗದ್ದಿರಲಿ (ಕಾಸ್ಮಿಕ್ ಕಿರಣದ ಬೆರಕೆ ತೀರಾ ಕಡಿಮೆ ಇರುವ ವರ್ಗ), ಜೆನಿತ್ ಕೋನ (ನೆತ್ತಿಯಿಂದ ಅಳೆಯುವ ಕೋನ) 90 ಡಿಗ್ರಿ ದಾಟದಿರಲಿ. ದಾಟಿದರೆ ಭೂಮಿಯ ಅಂಚಿನ ಗಾಮಾ ನುಗ್ಗುತ್ತದೆ. ಎಣಿಕೆಯನ್ನು ಎಕ್ಸ್‌ಪೋಶರ್‌ನಿಂದ (ಆ ದಿಕ್ಕನ್ನು ದೂರದರ್ಶಕ ಎಷ್ಟು ನೋಡಿದೆ ಎಂಬ ಅಳತೆ) ಭಾಗಿಸಿದ್ದೀರಾ? ಹೀಲ್‌ಪಿಕ್ಸ್‌ನಲ್ಲಿ (ಆಕಾಶವನ್ನು ಸಮ ವಿಸ್ತೀರ್ಣದ ತುಣುಕುಗಳಾಗಿ ಹಂಚುವ ವಿಧಾನ) ತುಣುಕುಗಳ ಸಂಖ್ಯೆ ನಿರ್ಧರಿಸುವ ಎನ್‌ಸೈಡ್ 128 ಸಾಕು. 1,96,608 ಚೌಕ, ಒಂದೊಂದೂ ಅರ್ಧ ಡಿಗ್ರಿಯ ಹತ್ತಿರ. ಮೊದಲ ಸಲಕ್ಕೆ 1 ಜಿಇವಿಗಿಂತ ಕೆಳಗೆ ಇಳಿಯಬೇಡಿ, ಅಲ್ಲಿ ಚಿತ್ರ ತೀರಾ ಮಸುಕು.

ಒಂದು ಪರೀಕ್ಷೆಯನ್ನಂತೂ ಬಿಡಬೇಡಿ. ಗ್ಯಾಲಕ್ಸಿ ನಕ್ಷೆಯನ್ನು ಗ್ಯಾಲಕ್ಟಿಕ್ ಧ್ರುವದ ಸುತ್ತ 90 ಡಿಗ್ರಿ ತಿರುಗಿಸಿ ಮತ್ತೆ ಲೆಕ್ಕ ಹಾಕಿ. ಅಕ್ಷಾಂಶದ ಮಾಸ್ಕ್ ಇದ್ದಲ್ಲೇ ಇರುತ್ತದೆ, ಸಂಬಂಧ ಮಾತ್ರ ಮಾಯವಾಗಬೇಕು. ಉಳಿದುಕೊಂಡರೆ ನಿಮಗೆ ಸಿಕ್ಕಿರುವುದು ಕ್ಷೀರಪಥ.

ಪ್ರಶ್ನೆ: ಗೌರಿಬಿದನೂರಿನ ದೂರದರ್ಶಕದಲ್ಲಿ ಇವನ್ನು ನೋಡಬಹುದೇ?
– ಪಿಯುಸಿ ವಿದ್ಯಾರ್ಥಿ, ಮಂಚೇನಹಳ್ಳಿ

ಉತ್ತರ: ಇಲ್ಲ. ಅಲ್ಲಿರುವುದು ರೇಡಿಯೋ ಆಂಟೆನಾಗಳು, ಅವು ಹಿಡಿಯುವುದು ಮೀಟರುಗಟ್ಟಲೆ ಉದ್ದದ ಅಲೆ. ಗಾಮಾ ಕಿರಣ ನೆಲ ಮುಟ್ಟುವುದೇ ಇಲ್ಲ. ಲಡಾಖಿನ ಹಾನ್ಲೆಯಲ್ಲಿರುವ 21 ಮೀಟರ್ ವ್ಯಾಸದ ಮೇಸ್ ದೂರದರ್ಶಕ, ಗಾಮಾ ವಾಯುಮಂಡಲಕ್ಕೆ ಬಡಿದಾಗ ಮಿನುಗುವ ಚೆರೆಂಕೋವ್ ಎಂಬ ನಸುನೀಲಿ ಬೆಳಕನ್ನು ಹಿಡಿಯುತ್ತದೆ. ಆದರೆ ಅದು ನೋಡುವುದು ಒಂದು ಸಲಕ್ಕೆ ಆಕಾಶದ ಚಿಕ್ಕ ತುಣುಕನ್ನು. ಹಿನ್ನೆಲೆಯ ನಕ್ಷೆಗೆ ಫರ್ಮಿಯೇ ಬೇಕು.