ಗಂಡ ಗಡಿಯಿಂದ ಬರುವ ಹದಿನೈದು ದಿನ

ಪ್ರಶ್ನೆ: ಅಕ್ಕಾ, ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಮೂರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಹನ್ನೊಂದು ತಿಂಗಳ ನಂತರ, ಬರುವ ತಿಂಗಳು ಹದಿನೈದು ದಿನಕ್ಕೆ ಊರಿಗೆ ಬರುತ್ತಿದ್ದಾರೆ. ಅಷ್ಟರೊಳಗೆ ಮಗಳ ಜವಳವನ್ನು ಗಾಣಗಾಪುರದಲ್ಲಿ ತೆಗೆಸಬೇಕು, ಅತ್ತೆಯವರ ಕಣ್ಣಿನ ಪೊರೆಯ ಆಪರೇಷನ್ ಆಗಬೇಕು. ರಜೆ ಕೇಳಿದರೆ ಮಾಲೀಕರು, ‘ಹೋದರೆ ಮತ್ತೆ ಬರಬೇಡಿ’ ಎಂದರು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು, ಅಲ್ಲಿ ಸೈನಿಕರ ಮನೆಯವರ ನೌಕರಿಯನ್ನು ಕಾನೂನೇ ಕಾಯುತ್ತದೆ ಎನ್ನುತ್ತಾಳೆ. ನಮ್ಮಲ್ಲಿ ಇಲ್ಲವೇ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 1999ರ ಬೇಸಿಗೆಯಲ್ಲಿ ನನ್ನ ಅಣ್ಣ ಕಾರ್ಗಿಲ್‌ನಲ್ಲಿದ್ದ. ಚಿಂಚೋಳಿಯ ಮನೆಯಲ್ಲಿ ಅವ್ವ ಊಟ ಬಿಟ್ಟು ರೇಡಿಯೊ ಮುಂದೆ ಕುಳಿತಿದ್ದಳು. ಕಚೇರಿಯಲ್ಲಿ ಬಾಯಿಮಾತಿಗೆ ಹೇಳಿ ಅವಳ ಹತ್ತಿರ ಹೋದೆ. ಹತ್ತು ದಿನ ಬಿಟ್ಟು ಬಂದರೆ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿದ್ದರು. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಣ್ಣ ಸುರಕ್ಷಿತವಾಗಿ ಮರಳಿದ, ನೌಕರಿ ಮರಳಲಿಲ್ಲ.

ನಿಮ್ಮ ತಂಗಿ ಹೇಳಿದ್ದು ನಿಜ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಗೆ 2008ರಲ್ಲಿ ಸೈನಿಕರ ಕುಟುಂಬಗಳನ್ನೂ ಸೇರಿಸಿದರು. ಸೈನಿಕನನ್ನು ಹೊರದೇಶದ ಕರ್ತವ್ಯಕ್ಕೆ ಕಳುಹಿಸಿದಾಗ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ 12 ವಾರಗಳವರೆಗೆ ರಜೆ ಪಡೆಯಬಹುದು. ಗಾಯಗೊಂಡವನ ಆರೈಕೆಗೆ 26 ವಾರ. ಕರ್ತವ್ಯದಲ್ಲಿರುವ ಸೈನಿಕ ನಡುವೆ ವಿಶ್ರಾಂತಿಗೆಂದು ಮನೆಗೆ ಬಂದರೆ ಜೊತೆಗಿರಲು 15 ದಿನದವರೆಗೆ ಅವಕಾಶವಿದೆ. ನೀವು ಕೇಳುತ್ತಿರುವುದೂ ಅಷ್ಟೇ! ಈ ರಜೆಗೆ ಸಂಬಳ ಕೊಡಬೇಕೆಂದಿಲ್ಲ. 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಈ ಕಾಯ್ದೆ ತಾಗುವುದೂ ಇಲ್ಲ. ಆದರೂ ರಜೆ ಮುಗಿಸಿ ಬಂದವರಿಗೆ ಅದೇ ಕೆಲಸ ಅಥವಾ ಅದಕ್ಕೆ ಸಮನಾದ ಕೆಲಸ ಕೊಡಲೇಬೇಕೆಂದು ಬರೆದಿಟ್ಟಿದ್ದಾರಲ್ಲ, ಅದು ದೊಡ್ಡದು.

ನಮ್ಮಲ್ಲಿ ಸೈನಿಕನ ಹೆಂಡತಿ ಎಂಬ ಕಾರಣಕ್ಕೆ ಖಾಸಗಿ ನೌಕರಿಯಲ್ಲಿ ರಜೆ ಕೊಡಿಸುವ ಕಾನೂನಿಲ್ಲ. ಹೀಗೆ ಬರೆಯುವಾಗ ಸಂಕಟವಾಗುತ್ತದೆ. ಗಡಿಯಲ್ಲಿರುವವನಿಗೆ ರಜೆ ಕೊಟ್ಟು, ಮನೆಯಲ್ಲಿ ಅವನಿಗಾಗಿ ಕಾಯುವವಳಿಗೆ ಕೊಡದಿದ್ದರೆ ಆ ರಜೆ ಅರ್ಧವೇ.

ಆದರೆ ನೀವು ಬರಿಗೈಯಲ್ಲಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಹಿಂದಿನ ವರ್ಷ 240 ದಿನ ದುಡಿದವರಿಗೆ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ಇದೆ. ನೀವು 300 ದಿನ ದುಡಿದಿದ್ದರೆ ಲೆಕ್ಕ ಸರಿಯಾಗಿ 15ಕ್ಕೆ ಬರುತ್ತದೆ. ಇನ್ನು ‘ಬರಬೇಡಿ’ ಎಂಬ ಮಾತು: ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ, ತೆಗೆಯುವಂತಿಲ್ಲ. ನಿಮಗೆ ಮೂರು ವರ್ಷವಾಗಿದೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಈ ವಾರವೇ ತಾರೀಖು ಹಾಕಿ ಎರಡು ಪ್ರತಿ ಅರ್ಜಿ ಬರೆಯಿರಿ, ಒಂದರ ಮೇಲೆ ಮಾಲೀಕರ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿರುವ ಪುಟಗಳ ಫೋಟೊ ಮೊಬೈಲ್‌ನಲ್ಲಿರಲಿ. ಆಮೇಲೂ ಹಟ ಹಿಡಿದರೆ ಇವನ್ನೆಲ್ಲ ತೆಗೆದುಕೊಂಡು ಕಾರ್ಮಿಕ ನಿರೀಕ್ಷಕರನ್ನು ಕಾಣಿರಿ.

ಅತ್ತೆಯವರ ಆಪರೇಷನ್ ಮೊದಲ ವಾರದಲ್ಲೇ ಮಾಡಿಸಿ. ಕಣ್ಣಿಗೆ ಔಷಧ ಹಾಕಲು ಮಗನೂ ಇರುತ್ತಾರೆ. ಜವಳಕ್ಕೆ ಹುಣ್ಣಿಮೆ ಬಿಟ್ಟು ಬೇರೆ ದಿನ ನೋಡಿ, ಗಾಣಗಾಪುರದಲ್ಲಿ ಅವತ್ತು ವಿಪರೀತ ಜನ.