ನೀಲಿಗಟ್ಟುವ ಹೃದಯರೋಗ ಇರುವ ಮಗುವಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಯಾಕೆ?

ಬದಿಯಡ್ಕದಿಂದ ಕೇಳಿದ್ದೀರಿ: ಮಗುವಿನ ರಕ್ತ ದಪ್ಪ ಅಂತಾರೆ, ಹಾಗಿದ್ದರೂ ಮೂಗಿನಿಂದ ಸುರಿಯುತ್ತದಲ್ವಾ? ದಪ್ಪ ಆಗಿರುವುದೇ ಕಾರಣ. ಆಮ್ಲಜನಕ ಸಾಲದೆ ದೇಹ ಕೆಂಪು ಕಣಗಳನ್ನು ಜಾಸ್ತಿ ತಯಾರಿಸುತ್ತದೆ, ಅದರಿಂದ ರಕ್ತದ ನೀರಿನ ಭಾಗವೂ (ಪ್ಲಾಸ್ಮಾ) ಅದರಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳೂ ಕಡಿಮೆಯಾಗುತ್ತವೆ, ರಕ್ತ ನಿಲ್ಲಿಸಲು ಬೇಕಾದ ಪುಟ್ಟ ಕಣಗಳಾದ ಪ್ಲೇಟ್ಲೆಟ್‌ಗಳೂ ಕಡಿಮೆಯಾಗಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಮೂಗಿನ ರಕ್ತಕ್ಕೆ ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ. ಕೆಮ್ಮಿದಾಗ ರಕ್ತ ಬಂದರಂತೂ ಕಾಯಲೇಬೇಡಿ.

ನೋವಿಗೆ, ಜ್ವರಕ್ಕೆ ಅಂತ ಸುಮ್ನೆ ಐಬುಪ್ರೊಫೆನ್ ಕೊಡಬೇಡಿ. ಆದರೆ ಶಂಟ್ (ಶ್ವಾಸಕೋಶಕ್ಕೆ ರಕ್ತ ಹೋಗಲು ಹಾಕುವ ಕೊಳವೆ) ಆಪರೇಷನ್ ಆದ ಮಗುವಿಗೆ ಹೃದಯದ ಡಾಕ್ಟರೇ ಆಸ್ಪಿರಿನ್ ಬರೆದಿದ್ದರೆ, ರಕ್ತ ಬಂತು ಅಂತ ಹೆದರಿ ನೀವೇ ನಿಲ್ಲಿಸಬೇಡಿ, ಶಂಟ್ ಕಟ್ಟಿಕೊಳ್ಳಬಹುದು. ಮೊದಲು ಅವರಿಗೆ ಫೋನ್ ಮಾಡಿ. ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ, ವಾಂತಿಭೇದಿಯಲ್ಲಿ ನೀರು ಕಡಿಮೆಯಾದರೆ ರಕ್ತ ಇನ್ನೂ ದಪ್ಪವಾಗುತ್ತದೆ, ಗಂಜಿತಿಳಿ, ಓಆರ್‌ಎಸ್ ಕುಡಿಸುತ್ತಾ ಇರಿ.

ಹಲ್ಲು ಕೀಳಿಸುವುದಾದರೂ ಮೊದಲು ಹೃದಯದ ಡಾಕ್ಟರನ್ನು ಕೇಳಿ. ಬೇಕಿದ್ದರೆ ಪ್ಲೇಟ್ಲೆಟ್, ಪ್ಲಾಸ್ಮಾ, ರಕ್ತ ನಿಲ್ಲಿಸುವ ಔಷಧಿ ಟ್ರಾನೆಕ್ಸಾಮಿಕ್ ಆಮ್ಲ ಕೊಡುತ್ತಾರೆ, ಸೋಂಕು ತಡೆಯುವ ಆಂಟಿಬಯೋಟಿಕ್ ಕೂಡ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಮಂಗಳೂರಿಗೆ ಹೋದರೂ ಊರಲ್ಲೇ ಮಾಡಿಸಿದರೂ, ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 55% ದಾಟಿದ್ದರೆ ಅದನ್ನು ಲ್ಯಾಬ್‌ಗೆ ಮೊದಲೇ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಹಾಕಿರುವ ಸಿಟ್ರೇಟ್ ಅನ್ನು ಕಡಿಮೆ ಮಾಡದಿದ್ದರೆ ರಿಪೋರ್ಟ್ ಇದ್ದದ್ದಕ್ಕಿಂತ ಕೆಟ್ಟದಾಗಿ ಬರುತ್ತದೆ.