ಕ್ಯೋಟೋದಲ್ಲಿ ಒಂದೇ ದಿನ, ನಾಲ್ಕು ಜನ ಫ್ರೆಂಡ್ಸ್, ಎಂಟು ದೇವಸ್ಥಾನ: ಯಾವ ಆರ್ಡರಲ್ಲಿ ಹೋದ್ರೆ ಎಲ್ಲಾ ಕವರ್ ಆಗುತ್ತೆ? ಕಿಮೋನೋ ಹಾಕ್ಬೇಕಾ?

ನಿಮ್ಮ ಲಿಸ್ಟ್ ನೋಡ್ದೆ. ಅರಾಶಿಯಾಮಾ, ಕಿಂಕಾಕುಜಿ, ರ್ಯೋಆಂಜಿ, ಕಿಯೋಮಿಜು, ಫುಶಿಮಿ ಇನಾರಿ... ಇದೇ ಹೆಸರುಗಳನ್ನ ಹಾಕಿ ನಾನೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ, ಪ್ರತಿ ಜಾಗಕ್ಕೆ 45 ನಿಮಿಷ ಅಂತ ಬರ್ಕೊಂಡು. ಅದಕ್ಕೇ ನಿಮಗೆ ಆರ್ಡರ್ ಹೇಳಲ್ಲ. ಎಂಟನ್ನ ಮೂರು ಮಾಡಿ. ಯಾವ ಮೂರು ಅಂತ ಗೂಗಲ್ ಕೇಳ್ಬೇಡಿ, ಜೊತೆಗೆ ಬರ್ತಿರೋ ಮೂರು ಜನರನ್ನ ಕೇಳಿ. ಯಾಕೆ ಹೀಗೆ ಹೇಳ್ತಿದೀನಿ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ನಾನಾಗ ಕೆಲಸದ ಮೇಲೆ ಒಸಾಕಾದಲ್ಲಿದ್ದೆ. ಕಾಲೇಜ್ ಫ್ರೆಂಡ್ಸ್ ಮೂರು ಜನ ಬೆಂಗಳೂರಿಂದ ಬಂದಿದ್ರು. ನವೆಂಬರ್ ಕೊನೆ, ಮೇಪಲ್ ಎಲೆಯೆಲ್ಲಾ ಕೆಂಪಾಗಿ ಇಡೀ ಜಪಾನೇ ಕ್ಯೋಟೋಗೆ ಬಂದು ಬಿಡೋ ಟೈಮು. ಮೂರು ಜನರಲ್ಲಿ ಒಬ್ಬ ಸಾಗರದವನು, ಗುಡಿಗಾರರ ಮನೆ ಹುಡುಗ. ಅಜ್ಜ, ಅಪ್ಪ ಎಲ್ಲಾ ಗಂಧದ ಕೆತ್ತನೆ ಮಾಡಿದೋರು, ಇವನು ಕಂಪನಿ ಕೆಲಸಕ್ಕೆ ಬಂದ್ರೂ ಊರಿಗೆ ಹೋದಾಗ ಉಳಿ ಕೊಡತಿ ಹಿಡಿಯೋದು ಬಿಟ್ಟಿಲ್ಲ. ಟಿಕೆಟ್ ಬುಕ್ ಆದ ದಿನವೇ ಫೋನ್ ಮಾಡಿ ಒಂದೇ ಮಾತು ಹೇಳಿದ್ದ, "ಮಗಾ, ನಂಗೆ ಬೇರೇನೂ ಬೇಡ, ಆ ಸಾವಿರ ಮರದ ಮೂರ್ತಿ ಇರೋ ದೇವಸ್ಥಾನ ಒಂದು ತೋರ್ಸು, ಸಾಕು." ಅದು ಸಾಂಜೂಸಾಂಗೆಂದೋ. ನಿಮ್ಮ ಲಿಸ್ಟಲ್ಲಿ ಅದು ಇಲ್ಲವೇ ಇಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಬೆಳಿಗ್ಗೆ ಅರಾಶಿಯಾಮಾದ ಬಿದಿರು ತೋಪು, ಅಲ್ಲಿಂದ ರಾಂಡೆನ್ ಅನ್ನೋ ಪುಟ್ಟ ಟ್ರಾಮ್ ಹಿಡಿದು ರ್ಯೋಆಂಜಿ, ಅಲ್ಲಿಂದ ನಡ್ಕೊಂಡು ಚಿನ್ನದ ಮಂಟಪದ ಕಿಂಕಾಕುಜಿ, ಇಷ್ಟು ಊರಿನ ಪಶ್ಚಿಮದ ಕಡೆ. ರ್ಯೋಆಂಜಿಯ ಕಲ್ಲಿನ ತೋಟದಲ್ಲಿ 15 ಕಲ್ಲಿದೆ, ಎಲ್ಲಿ ಕೂತ್ರೂ ಒಂದಾದ್ರೂ ಮರೆಯಾಗುತ್ತೆ. ಜನ ಅಲ್ಲಿ ಜಗಲಿ ಮೇಲೆ ಸುಮ್ನೆ ಕೂತ್ಕೋತಾರೆ, ಅದು ಕೂರೋ ಜಾಗ. ನಾವು ಫೋಟೋ ತಗೊಂಡು ಎದ್ವಿ, ಯಾಕಂದ್ರೆ ಶೀಟ್ ಪ್ರಕಾರ ಆಗ್ಲೇ ಲೇಟಾಗಿತ್ತು. ಕಿಂಕಾಕುಜಿಯಲ್ಲಿ ಜನಸಾಗರ, ಎಲ್ಲರೂ ಒಂದೇ ದಾರೀಲಿ ಒಂದೇ ದಿಕ್ಕಲ್ಲಿ ಸಾಗ್ಬೇಕು, ಮುಂದಿನೋರು ಸೆಲ್ಫಿ ಮುಗ್ಸೋವರೆಗೂ ಹಿಂದಿನೋರು ನಿಂತಿರ್ಬೇಕು. ಆಮೇಲೆ ಬಸ್ಸು. ಕ್ಯೋಟೋ ಸಿಟಿ ಬಸ್ಸಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯೋವಾಗ ಮುಂದೆ ಡ್ರೈವರ್ ಹತ್ರ ದುಡ್ಡು ಹಾಕಿ ಇಳೀಬೇಕು, 230 ಯೆನ್. ರಶ್ ಇದ್ದಾಗ ಹಿಂದೆ ನಿಂತೋರು ಮುಂದೆ ಬರೋಕೇ ಪ್ರತಿ ಸ್ಟಾಪಲ್ಲೂ ನಿಮಿಷಗಟ್ಟಲೆ ಹೋಗುತ್ತೆ. ಎರಡು ಬಸ್ಸು ತುಂಬಿದೆ ಅಂತ ನಿಲ್ಲಿಸದೇನೇ ಹೋದ್ವು, ಮೂರನೇದಕ್ಕೆ ಹತ್ತಿದ್ವಿ, ಊರಿನ ಪೂರ್ವಕ್ಕೆ ತಲುಪೋ ಹೊತ್ತಿಗೆ ನಾಲ್ಕಕ್ಕೆ ಕಾಲು ಗಂಟೆ ಇತ್ತು.

ಸಾಂಜೂಸಾಂಗೆಂದೋ ಗೇಟ್ ಹತ್ರ ಯೂನಿಫಾರ್ಮ್ ಹಾಕ್ಕೊಂಡ ವಯಸ್ಸಾದ ಒಬ್ಬರು ನಿಂತಿದ್ರು. ನಾವು ಓಡಿ ಬರೋದು ನೋಡಿ ಎರಡೂ ಕೈ ಎದೆ ಮುಂದೆ ಅಡ್ಡ ಹಿಡಿದು, ಆಮೇಲೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ರು. ಮುಗೀತು. ನನಗೆ ಬರೋ ಅಷ್ಟಿಷ್ಟು ಜಪಾನೀಸಲ್ಲಿ, ಇವನು ಇದಕ್ಕೋಸ್ಕರವೇ ಬಂದಿರೋದು, ನಾಳೆ ಬೆಳಿಗ್ಗೆ ಕನ್ಸಾಯ್ ಏರ್‌ಪೋರ್ಟಿಂದ ಫ್ಲೈಟ್ ಇದೆ ಅಂತೆಲ್ಲಾ ಹೇಳ್ದೆ. ಅವರು ಇನ್ನೊಂದ್ಸಲ ಬಗ್ಗಿದ್ರು. ಅಷ್ಟೇ. ಜಪಾನಲ್ಲಿ ಟೈಮ್ ಅಂದ್ರೆ ಟೈಮು, ಅವರದ್ದೇನೂ ತಪ್ಪಿಲ್ಲ. ನನ್ನ ಫ್ರೆಂಡ್ "ಪರ್ವಾಗಿಲ್ಲ ಬಿಡೋ" ಅಂದ, ಕಾಂಪೌಂಡ್ ಪಕ್ಕದಲ್ಲೇ ಆ ಉದ್ದನೆ ಮಾಡು ನೋಡ್ತಾ ತುದಿವರೆಗೂ ಒಬ್ಬನೇ ನಡ್ಕೊಂಡ್ ಹೋಗಿ ವಾಪಸ್ ಬಂದ. ಇವತ್ತಿಗೂ ಅವನು ಅದನ್ನ ನೋಡಿಲ್ಲ. ಆಮೇಲೆ ಮದುವೆ, ಮಗು, ಅಪ್ಪನ ಆರೋಗ್ಯ, ಜಪಾನಿಗೆ ಇನ್ನೊಂದ್ಸಲ ಹೋಗೋದು ಅಷ್ಟು ಸುಲಭ ಅಲ್ಲ.

ಇಲ್ಲಿ ಏನಾಯ್ತು ಅಂತ ಸರಿಯಾಗಿ ಅರ್ಥ ಮಾಡ್ಕೊಳಿ, ಯಾಕಂದ್ರೆ ನಿಮ್ಮ ಪ್ಲಾನಲ್ಲೂ ಇದೇ ಇದೆ. ಆ ದೇವಸ್ಥಾನದ ಟೈಮಿಂಗ್ ನಾನು ಬೇಸಿಗೇಲೇ ನೋಡಿ ಬರ್ಕೊಂಡಿದ್ದೆ, ಸಂಜೆ 5 ಅಂತ. ಆದ್ರೆ ನವೆಂಬರ್ 16ರಿಂದ ಮಾರ್ಚ್ ಕೊನೆವರೆಗೂ ಅಲ್ಲಿ ಚಳಿಗಾಲದ ಟೈಮಿಂಗ್, 9ಕ್ಕೆ ತೆಗೆದು 4ಕ್ಕೆ ಮುಚ್ತಾರೆ. ಮುಚ್ಚೋದು 4ಕ್ಕೆ ಅಂದ್ರೆ ಒಳಗೆ ಬಿಡೋದು ಮೂರೂವರೆವರೆಗೆ ಮಾತ್ರ. ನನ್ನ ತಲೇಲಿ 5 ಗಂಟೆ, ನಿಜವಾದ ಬಾಗಿಲು ಮೂರೂವರೆಗೆ. ಒಂದೂವರೆ ಗಂಟೆ ವ್ಯತ್ಯಾಸ. ಸರಿ, ಟೈಮಿಂಗ್ ತಪ್ಪು ನೋಡಿದ್ದು ಒಂದು, ಆದ್ರೆ ಅಸಲಿ ತಪ್ಪು ಅದಲ್ಲ. ಅದನ್ನ ಕೊನೆಗೆ ಇಟ್ಟಿದ್ದು ಅಸಲಿ ತಪ್ಪು. ಯಾಕೆ ಕೊನೆಗೆ ಇಟ್ಟೆ? ಕ್ಯೋಟೋ ಸ್ಟೇಷನ್‌ಗೆ ಹತ್ರ ಇದೆ, ಒಸಾಕಾಗೆ ವಾಪಸ್ ಹೋಗ್ತಾ ನೋಡ್ಕೊಂಡ್ ಹೋಗ್ಬಹುದು ಅಂತ. ಮ್ಯಾಪ್ ನೋಡಿದ್ರೆ ಲಾಜಿಕ್ ಸರಿ. ಆದ್ರೆ ಬಿದಿರು ತೋಪಲ್ಲಿ ಹತ್ತು ನಿಮಿಷ, ಟ್ರಾಮಿಗೆ ಕಾದಿದ್ದು, ಟಾಯ್ಲೆಟ್ ಕ್ಯೂ, ತುಂಬಿದ ಬಸ್ಸು, ಎಲ್ಲಾ ಲೇಟೂ ಹೋಗಿ ಬೀಳೋದು ಕೊನೇ ಜಾಗದ ಮೇಲೇನೇ. ಒಬ್ಬ ಮನುಷ್ಯ ಕೇಳಿದ್ದು ಒಂದೇ ಜಾಗ, ಅದನ್ನೇ ನಾನು ತಗೊಂಡ್ ಹೋಗಿ ಎಲ್ಲಾ ಲೇಟೂ ಬಂದು ಬೀಳೋ ಕಡೆ ಇಟ್ಟೆ. ಅದಕ್ಕಿಂತ ಮುಂಚೆ ನೋಡಿದ ಮೂರರಲ್ಲಿ ಒಂದನ್ನೂ ನಮ್ಮಲ್ಲಿ ಯಾರೂ ಕೇಳಿರ್ಲಿಲ್ಲ. ಲಿಸ್ಟಲ್ಲಿತ್ತು ಅಂತ ನೋಡಿದ್ವಿ.

ಆಮೇಲೆ ನಾನೊಬ್ಬನೇ ಹೋಗಿ ನೋಡ್ದೆ. ಚಪ್ಪಲಿ ಬಿಟ್ಟು ಒಳಗೆ ಹೋಗ್ಬೇಕು, ಚಳಿಗಾಲದಲ್ಲಿ ಮರದ ನೆಲ ಕಾಲು ಮರಗಟ್ಟೋ ಅಷ್ಟು ತಣ್ಣಗಿರುತ್ತೆ, ದಪ್ಪ ಸಾಕ್ಸ್ ಹಾಕ್ಕೊಳಿ. ಫೋಟೋ ಪೂರ್ತಿ ನಿಷೇಧ. ಸುಮಾರು 120 ಮೀಟರ್ ಉದ್ದದ ಒಂದೇ ಹಾಲ್, ಕಂಬಗಳ ನಡುವೆ 33 ಅಂಕಣ. 1164ರಲ್ಲಿ ಕಟ್ಟಿದ್ದು, 1249ರಲ್ಲಿ ಸುಟ್ಟು ಹೋಯ್ತು, ಈಗಿರೋದು 1266ರದ್ದು. ಮಧ್ಯದಲ್ಲಿ ದೊಡ್ಡದಾಗಿ ಕೂತಿರೋ ಕನ್ನೊನ್ ಅನ್ನೋ ಬೌದ್ಧ ದೇವರು, ಆ ಕಡೆ ಐನೂರು ಈ ಕಡೆ ಐನೂರು ಆಳೆತ್ತರದ ನಿಂತಿರೋ ಕನ್ನೊನ್, ಹತ್ತು ಸಾಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ಬೆಂಕಿ ಬಿದ್ದಾಗ ಉಳಿಸ್ಕೊಂಡಿದ್ದು 124 ಮಾತ್ರ, ಉಳಿದಿದ್ದನ್ನ ಆಮೇಲೆ ಮತ್ತೆ ಕೆತ್ತಿದ್ದು. ಮಧ್ಯದ ದೊಡ್ಡ ಮೂರ್ತಿ ಮಾಡಿದ ತಂಕೇಯ್ ಅನ್ನೋ ಶಿಲ್ಪಿಗೆ ಅದು ಮುಗಿದಾಗ 82 ವರ್ಷ.

ಎಲ್ಲಾ ಹಿನೋಕಿ ಅನ್ನೋ ಮರದ್ದು. ಒಂದೇ ದಿಮ್ಮೀಲಿ ಕೆತ್ತಿದ್ರೆ ಒಣಗ್ತಾ ಬಿರುಕು ಬಿಡುತ್ತೆ ಅಂತ ತುಂಡು ತುಂಡು ಕೆತ್ತಿ, ಒಳಗೆ ಟೊಳ್ಳು ಮಾಡಿ ಜೋಡಿಸ್ತಿದ್ರು. ಒಬ್ಬ ತಲೆ ಕೆತ್ತೋವಾಗ ಇನ್ನೊಬ್ಬ ಕೈ ಕೆತ್ತಬಹುದು, ಇಷ್ಟೊಂದು ಮೂರ್ತಿ ಆಗಿದ್ದೇ ಹಾಗೆ. ಈ ವಿಷಯ ನನ್ನ ಫ್ರೆಂಡ್ ಬರೋಕೆ ಮುಂಚೇನೇ ನಂಗೆ ಫೋನಲ್ಲಿ ವಿವರಿಸಿದ್ದ, ಜೋಡಣೆ ಗೆರೆ ಎಲ್ಲಿ ಕಾಣುತ್ತೆ ಅಂತ ಹತ್ತಿರದಿಂದ ನೋಡ್ಬೇಕು ಅಂದಿದ್ದ. ನಾನು ಹುಡುಕಿದೆ, ಚಿನ್ನದ ರೇಕಿನ ಕೆಳಗೆ ನಂಗೇನೂ ಕಾಣ್ಲಿಲ್ಲ. ಅವನಿದ್ದಿದ್ರೆ ತೋರಿಸ್ತಿದ್ದ.

ಮತ್ತೆ ಈ ಮೂರ್ತಿಗಳ ಮುಂದಿರೋ ಸಾಲಿನ ಎದುರು ಬಂದು ನಿಂತ್ಕೊಳಿ. ಕಾವಲು ದೇವತೆಗಳು 28, ಜೊತೆಗೆ ಬೆನ್ನಿಗೆ ಡೋಲುಗಳ ಬಳೆ ಕಟ್ಕೊಂಡ ಗುಡುಗಿನ ದೇವರು, ಹೆಗಲ ಮೇಲೆ ಗಾಳಿ ತುಂಬಿದ ಚೀಲ ಹೊತ್ತ ಗಾಳಿ ದೇವರು. ಆ 28ರಲ್ಲಿ ಬ್ರಹ್ಮ ಇದಾನೆ, ಇಂದ್ರ ಇದಾನೆ, ಗಂಧರ್ವ, ಕಿನ್ನರ, ಅಸುರ ಇದಾರೆ. ಗರುಡ ಕೊಳಲು ಊದ್ತಾ ನಿಂತಿದಾನೆ, ಕೊಕ್ಕಿದೆ, ರೆಕ್ಕೆ ಇದೆ. ವಸು ಅನ್ನೋ ಋಷಿ ಇದಾನೆ, ಎಲುಬೆಲ್ಲಾ ಎದ್ದು ಕಾಣೋ ಮುದುಕ, ಕೋಲು ಹಿಡ್ಕೊಂಡು. ಕಣ್ಣಿಗೆ ಸ್ಫಟಿಕ ಕೂರಿಸಿದಾರೆ, ಮಂದ ಬೆಳಕಲ್ಲಿ ಒದ್ದೆ ಇರೋ ಥರ ಹೊಳೆಯುತ್ತೆ. ಕನ್ನೊನ್ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಕಂಚಿನ ಲೋಕೇಶ್ವರ ಇದಾನಲ್ಲ, 968ರಲ್ಲಿ ಆಳುಪರ ಕುಂದವರ್ಮ ಪ್ರತಿಷ್ಠೆ ಮಾಡಿಸಿದ್ದು, ಆ ಅವಲೋಕಿತೇಶ್ವರನೇ. ಭಾರತದಿಂದ ಚೀನಾ ದಾರೀಲಿ ಹೊರಟ ದೇವರುಗಳೆಲ್ಲಾ ಇಲ್ಲಿ ಬಂದು ಸಾಲಾಗಿ ನಿಂತಿದಾರೆ. ಜಪಾನಿನ ಸಂಸ್ಕೃತಿ ನೋಡ್ಬೇಕು ಅಂತ ಕನ್ನಡದೋರು ನಾಲ್ಕು ಜನ ಕ್ಯೋಟೋಗೆ ಹೋಗಿ ಇದನ್ನ ಬಿಟ್ಟು ಬರೋದು ನನಗಂತೂ ಒಪ್ಪಿಗೆ ಇಲ್ಲ.

ಈಗ ನಿಮ್ಮ ದಿನಕ್ಕೆ ಬರೋಣ. ಪಶ್ಚಿಮದ ಕಡೆ ಪೂರ್ತಿ ಬಿಡಿ. ಕಿಂಕಾಕುಜಿನೂ ಬಿಡಿ, ಬೈಕೊಳ್ಳಿ ಪರ್ವಾಗಿಲ್ಲ. 1950ರಲ್ಲಿ ಸುಟ್ಟು 1955ರಲ್ಲಿ ಮತ್ತೆ ಕಟ್ಟಿದ್ದು, ಒಳಗೆ ಬಿಡಲ್ಲ, ಕೆರೆ ಆಚೆಯಿಂದ ನೋಡಿ ಬರೋದು. ಚೆನ್ನಾಗಿದೆ, ಆದ್ರೆ ಒಂದೇ ದಿನ ಇರೋರು ಅದಕ್ಕೋಸ್ಕರ ಊರು ದಾಟಿ ಹೋಗೋ ಅಷ್ಟಿಲ್ಲ.

ಬೆಳಿಗ್ಗೆ ಬೇಗ ಫುಶಿಮಿ ಇನಾರಿಗೆ ಹೋಗಿ, ಕ್ಯೋಟೋ ಸ್ಟೇಷನಿಂದ ಜೆಆರ್ ನಾರಾ ಲೈನಲ್ಲಿ ಎರಡನೇ ಸ್ಟಾಪು. ಅದಕ್ಕೆ ಬಾಗಿಲೇ ಇಲ್ಲ, 24 ಗಂಟೆ ತೆರೆದಿರುತ್ತೆ, ಟಿಕೆಟ್ಟೂ ಇಲ್ಲ. ಬೇರೆ ಕಡೆ ಬಾಗಿಲು ತೆಗೆಯೋಕೆ ಮುಂಚೆ ಸುಮ್ನೆ ಹೋಗೋ ಟೈಮಲ್ಲಿ ಇದನ್ನ ಮುಗಿಸ್ಬಹುದು. ಬೆಟ್ಟ 233 ಮೀಟರ್, ತುದಿಗೆ ಹೋಗ್ಲೇಬೇಕಂತಿಲ್ಲ, ಅರ್ಧ ಹತ್ತಿದ್ರೆ ಊರು ಕಾಣುತ್ತೆ. ಸಾಲು ಸಾಲು ಕೆಂಪು ಕಮಾನುಗಳ ಹಿಂಬದಿ ತಿರುಗಿ ನೋಡಿ, ಕೊಟ್ಟೋರ ಹೆಸರು, ತಾರೀಖು ಕಪ್ಪಕ್ಷರದಲ್ಲಿ ಬರೆದಿರುತ್ತೆ, ನಮ್ಮ ದೇವಸ್ಥಾನದ ಟ್ಯೂಬ್‌ಲೈಟಲ್ಲಿ ದಾನಿಗಳ ಹೆಸರು ಬರೆಸ್ತೀವಲ್ಲ ಹಾಗೆ. ಅಲ್ಲಿ ಎಲ್ಲೆಲ್ಲೂ ಕಾಣೋ ನರಿ ದೇವರಲ್ಲ, ಭತ್ತದ ದೇವರ ದೂತ. ಇಳಿದು ಕೇಹಾನ್ ರೈಲು ಹತ್ತಿ ಶಿಚಿಜೋದಲ್ಲಿ ಇಳಿದ್ರೆ ಸಾಂಜೂಸಾಂಗೆಂದೋ ನಡೆಯೋ ದೂರ. ಬಸ್ಸೇ ಬೇಡ. ಅಲ್ಲಿ ವಾಚ್ ನೋಡ್ಬೇಡಿ. ಆಮೇಲೆ ನಡ್ಕೊಂಡೇ ಕಿಯೋಮಿಜುದೇರಾ, ಅರ್ಧ ಗಂಟೆ ಹಿಡಿದ್ರೆ ಜಾಸ್ತಿ. ಬೆಟ್ಟದ ಇಳಿಜಾರಲ್ಲಿ 13 ಮೀಟರ್ ಎತ್ತರದ ಮರದ ಜಗಲಿ, ಮೊಳೆ ಹೊಡೀದೆ ಮರಕ್ಕೆ ಮರ ತೂರಿಸಿ ಕಟ್ಟಿದ್ದು, 1633ರದ್ದು. ಮೇಲಿಂದ ಫೋಟೋ ತಗೊಂಡು ವಾಪಸ್ ಬರ್ಬೇಡಿ, ಕೆಳಗಿಳಿದು ಕಂಬಗಳ ಬುಡದಿಂದ ತಲೆ ಎತ್ತಿ ನೋಡಿ. ಅಲ್ಲಿಂದ ಸನ್ನೆನ್‌ಜಾಕಾ ಮೆಟ್ಟಿಲು ಇಳಿದು ಗಿಯೋನ್ ಅನ್ನೋ ಹಳೇ ಬಡಾವಣೆ ಕಡೆ ನಡೀತಾ ಹೋದ್ರೆ ಸಂಜೆ ತಾನಾಗೇ ಆಗುತ್ತೆ. ಗಿಯೋನಲ್ಲಿ ಖಾಸಗಿ ಗಲ್ಲಿಗಳಿಗೆ ಬೋರ್ಡ್ ಹಾಕಿರ್ತಾರೆ, ಒಳಗೆ ಹೋಗ್ಬೇಡಿ, ದಾರೀಲಿ ಹೋಗೋ ಮೈಕೋಗಳ (ಗೇಯ್ಶಾ ಆಗೋಕೆ ಕಲೀತಿರೋ ಹುಡುಗಿಯರು) ಹಿಂದೆ ಕ್ಯಾಮೆರಾ ಹಿಡ್ಕೊಂಡು ಓಡ್ಬೇಡಿ. ಕೆಲಸಕ್ಕೆ ಹೋಗ್ತಿರೋ ಹೆಣ್ಮಕ್ಕಳು ಅವರು.

ಇದು ನಾನಾಗಿದ್ರೆ ಮಾಡೋದು. ನಿಮ್ಮಲ್ಲಿ ಯಾರಾದ್ರೂ ಒಬ್ರು "ನಂಗೆ ಆ ಕಲ್ಲಿನ ತೋಟ ನೋಡ್ಲೇಬೇಕು" ಅಂದ್ರೆ ನನ್ನ ಪ್ಲಾನ್ ಬಿಸಾಕಿ ಅದನ್ನ ಬೆಳಿಗ್ಗೆ ಮೊದಲು ಇಡಿ, ಮಾರ್ಚಿಂದ ನವೆಂಬರ್‌ವರೆಗೆ 8 ಗಂಟೆಗೇ ತೆಗೀತಾರೆ, ಚಳಿಗಾಲದಲ್ಲಿ ಎಂಟೂವರೆಗೆ. ಬಾಗಿಲು ತೆಗೆದ ಮೇಲೆ, ಹಾಕೋ ಜಾಗ ಮೊದಲು; ಹಾಕದೇ ಇರೋದು ತೆಗೆಯೋಕೆ ಮುಂಚೆ, ಇಲ್ಲಾ ಕೊನೆಗೆ. ಹೊರಡೋ ಹಿಂದಿನ ದಿನ ಆ ತಿಂಗಳ ಟೈಮಿಂಗ್ ಮತ್ತೆ ನೋಡಿ, ಕೊನೇ ಎಂಟ್ರಿ ಎಷ್ಟೊತ್ತಿಗೆ ಅಂತ ನೋಡಿ.

ಕಿಮೋನೋ ಕೇಳಿದ್ರಿ. ಹಾಕ್ಕೊಳಿ, ತಪ್ಪೇನಿಲ್ಲ, ಬಾಡಿಗೆ ಅಂಗಡಿಯೋರೇ ಉಡಿಸ್ತಾರೆ, ಅಲ್ಲಿನೋರೂ ಖುಷಿ ಪಡ್ತಾರೆ. ಆದ್ರೆ ಅದರಲ್ಲಿ ಹೆಜ್ಜೆ ಸಣ್ಣದಾಗುತ್ತೆ, ಬೆಟ್ಟ ಹತ್ತೋಕಾಗಲ್ಲ. ಮಧ್ಯಾಹ್ನದ ಮೇಲೆ ಕಿಯೋಮಿಜು ಹತ್ರ ತಗೊಂಡು ಗಿಯೋನ್ ಸುತ್ತಿ ವಾಪಸ್ ಕೊಡಿ. ಮಧ್ಯೆ ಬಿಚ್ಚಿ ಸರಿ ಮಾಡ್ಕೊಂಡ್ರೆ ಎಡಗಡೆ ಸೆರಗು ಮೇಲೆ ಬರ್ಬೇಕು, ಬಲಗಡೆದು ಮೇಲೆ ಬಂದ್ರೆ ಅದು ಹೆಣಕ್ಕೆ ಉಡಿಸೋ ಕ್ರಮ.

ಇನ್ನೊಂದು, ಇನಾರಿಯಲ್ಲಿ ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಕೈ ಮುಗಿದು, ಮತ್ತೊಂದ್ಸಲ ಬಗ್ಗೋದು, ಅದು ಶಿಂಟೋ, ಜಪಾನಿನ ಮೂಲ ಧರ್ಮದ ಕ್ರಮ. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ತಟ್ಟಬಾರ್ದು, ನಮ್ಮ ಥರ ಸುಮ್ನೆ ಕೈ ಮುಗಿಯಿರಿ. ಬಾಗಿಲ ಹೊಸಿಲು ತುಳೀಬೇಡಿ, ದಾಟಿ ಹೋಗಿ, ಇದು ನಿಮಗೆ ಹೇಳಿಕೊಡೋದೇನೂ ಬೇಡ.

ನಾಲ್ಕು ಜನರಲ್ಲಿ ಸಸ್ಯಾಹಾರಿ ಇದ್ರೆ "ಮಾಂಸ ಇಲ್ಲ ತಾನೇ" ಅಂತ ಮಾತ್ರ ಕೇಳಿ ತಿನ್ಬೇಡಿ, ಸಾರಿನ ತಳದಲ್ಲೇ ಒಣ ಮೀನಿನ ದಾಶಿ ಇರುತ್ತೆ, ತೋಫು ಅದ್ದಿ ತಿನ್ನೋ ಸಾಸಲ್ಲೂ ಇರುತ್ತೆ. ಶೋಜಿನ್ ರ್ಯೋರಿ ಅಂತ ಕೇಳಿ, ಬೌದ್ಧ ಮಠದ ಊಟ, ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ತುಂಬಾ ಕಡೆ ಮುಂಚೇನೇ ಬುಕ್ ಮಾಡ್ಬೇಕು, ಮಧ್ಯಾಹ್ನ ಮಾತ್ರ ಇರುತ್ತೆ, ಅದನ್ನೂ ಟೈಮಿಂಗ್ ನೋಡಿ ಸಾಂಜೂಸಾಂಗೆಂದೋ, ಕಿಯೋಮಿಜು ಮಧ್ಯೆ ಇಟ್ಕೊಳಿ.